ಜೋಳಿಗೆಗೆ ಹಾಕಿದ ಮೇಲೆ

ಬಂಧುಗಳ ಸಾವಿನ ಸುದ್ದಿ ತಲುಪಿದಾಗ ನಮ್ಮ ಹಿರಿಯರು ‘ತುಂಬ ವ್ಯಸನವಾಯಿತು’ ಎಂದು ಕಾಗದ ಬರೆಯುತ್ತಿದ್ದರು. ಬೀದಿಯ ಕೊನೆಯ ಮನೆಯ ಹುಡುಗ ಕುಡಿತ ಕಲಿತನೆಂದು ತಿಳಿದಾಗಲೂ ಅವರ ಬಾಯಲ್ಲಿ ಬರುತ್ತಿದ್ದುದು ಅದೇ ಶಬ್ದ: ‘ಪಾಪ, ಅವನಿಗೆ ವ್ಯಸನ ಹತ್ತಿತು.’ ದುಃಖಕ್ಕೂ ಚಟಕ್ಕೂ ಒಂದೇ ಹೆಸರು. ಸಂಸ್ಕೃತದಲ್ಲಿ ಅದಕ್ಕೆ ಆಪತ್ತು ಎಂಬ ಅರ್ಥವೂ ಉಂಟು. ಕೌಟಿಲ್ಯನ ಅರ್ಥಶಾಸ್ತ್ರದ ಎಂಟನೆಯ ಅಧಿಕರಣದ ಹೆಸರೇ ವ್ಯಸನಾಧಿಕಾರಿಕ. ಬೆಂಕಿ, ನೆರೆ, ರೋಗ, ಕ್ಷಾಮಗಳು ಬರುವ ಆ ಅಧಿಕರಣದಲ್ಲೇ ಜೂಜು, ಬೇಟೆ, ಪಾನಗಳ ವಿಚಾರವೂ ಬರುತ್ತದೆ. ಹೊಳೆ ಉಕ್ಕಿ ಮನೆ ಕೊಚ್ಚಿಹೋದವನನ್ನು ಯಾರೂ ‘ನಿನಗೆ ನಾಚಿಕೆಯಾಗಬೇಕು’ ಎಂದು ಗದರಿಸುವುದಿಲ್ಲ. ಕುಡಿತದಲ್ಲಿ ಮನೆ ಕೊಚ್ಚಿಹೋದವನಿಗೆ ಮಾತ್ರ ನಾವು ಮೊದಲು ಹೇಳುವುದು ಆ ಮಾತನ್ನೇ. ನಾನೂ ಹೇಳಿದ್ದೇನೆ. ಹೇಳಿದ್ದು ನನ್ನ ಒಡಹುಟ್ಟಿದ ತಮ್ಮನಿಗೆ.

ಈ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ಹೇಳದಿರುವುದು ಅವನು ಸೇರಿರುವ ಕೂಟದ ಕಟ್ಟಳೆಯೂ ಹೌದು. ಅವನು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದ. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದೆ. ರಾಜರತ್ನಂ ಅವರ ‘ರತ್ನನ ಪದಗಳು’ ಪಾಠಕ್ಕೆ ಬಂದ ದಿನ ತರಗತಿ ತುಂಬಿರುತ್ತಿತ್ತು. ದೇವರು ಪ್ರತ್ಯಕ್ಷನಾಗಿ ಹೆಂಡ ಬಿಡು ಎಂದರೆ ರತ್ನ ಬಿಡಲು ಸಿದ್ಧ. ಹೆಂಡತಿಯನ್ನು ಬಿಡು ಎಂದರೂ ಸಿದ್ಧ. ಕನ್ನಡ ಪದ ಆಡುವುದನ್ನು ಬಿಡು ಎಂದಾಗ ಮಾತ್ರ ಸಿಡಿದೇಳುತ್ತಾನೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ತಮ್ಮ ಹಿಂದಿನ ರಾತ್ರಿ ಯಾವ ಸ್ಥಿತಿಯಲ್ಲಿ ಮನೆಗೆ ಬಂದಿದ್ದನೆಂಬುದು ನನ್ನ ಮನಸ್ಸಿನಲ್ಲಿರುತ್ತಿತ್ತು. ನನ್ನ ಗಂಟಲು ಹಿಡಿಯುತ್ತಿದ್ದುದು ಪದ್ಯದ ಬೇರೊಂದು ಕಡೆ. ದೇವರ ಒಂದು ಮಾತಿಗೆ ಇವನು ಹೆಂಡ ಬಿಟ್ಟೆನೆನ್ನುತ್ತಾನಲ್ಲ, ಅದು ಅಷ್ಟು ಸುಲಭವೇ?

ಸುಲಭವೆಂದೇ ನಾವು ತಿಳಿದಿದ್ದೆವು. 2003ರ ಶ್ರಾವಣದಲ್ಲಿ ತಾಯಿಯವರೂ ನಾನೂ ಸೇರಿ ತಮ್ಮನನ್ನು ಮನೆದೇವರ ಮುಂದೆ ನಿಲ್ಲಿಸಿ, ಉರಿಯುವ ಕರ್ಪೂರದ ಎದುರು ಆಣೆ ಮಾಡಿಸಿದೆವು. ಅವನು ಅತ್ತ, ನಾವೂ ಅತ್ತೆವು. ಮೂರನೆಯ ರಾತ್ರಿ ಅವನ ಹೆಂಡತಿ ನನ್ನ ಬಾಗಿಲು ಬಡಿದಳು. “ಭಾವ, ಗೋಡೆ ತುಂಬ ಇರುವೆ ಹರಿದಾಡುತ್ತಿವೆ ಅಂತಿದ್ದಾರೆ. ನನ್ನ ಗುರುತೂ ಸಿಗುತ್ತಿಲ್ಲ ಇವರಿಗೆ” ಎಂದಳು. ಹೋಗಿ ನೋಡಿದರೆ ಮೈ ಬೆವರಿ, ಕೈಕಾಲು ನಡುಗಿ, ಇಲ್ಲದ ಇರುವೆಗಳನ್ನು ಒರೆಸುತ್ತ ಕುಳಿತಿದ್ದ. ಕದ್ದು ಕುಡಿದು ಆಣೆ ಮುರಿದಿರಬೇಕು, ದೇವರು ತೋರಿಸಿಕೊಡುತ್ತಿದ್ದಾನೆ ಎಂದು ತಾಯಿಯವರು ನಿರ್ಧರಿಸಿದರು. ಬೆಳಗಿನ ಜಾವದವರೆಗೆ ತೀರ್ಥ ಪ್ರೋಕ್ಷಿಸುತ್ತ ಕುಳಿತೆವು. ಬೆಳಗಾದ ಮೇಲೆ ಫಿಟ್ಸ್ ಬಂತು. ಆಗ ಆಸ್ಪತ್ರೆಗೆ ಓಡಿದೆವು. ಅಲ್ಲಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇವರು ಕುಡಿಯುವುದನ್ನು ಯಾವತ್ತು ನಿಲ್ಲಿಸಿದರು ಎಂಬುದು. ನಡೆದದ್ದು ನಾವು ಎಣಿಸಿದ್ದಕ್ಕೆ ತೀರ ವಿರುದ್ಧ. ಅವನಿಗೆ ಆ ಗತಿ ಬಂದದ್ದು ಆಣೆಯನ್ನು ಮುರಿದದ್ದರಿಂದಲ್ಲ, ಉಳಿಸಿಕೊಂಡದ್ದರಿಂದ.

ಇದನ್ನು ಕೊಂಚ ಬಿಡಿಸಿ ಹೇಳಬೇಕು. ಕೇಳುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ನಾಳೆಯೇ ಬೇಕಾಗಬಹುದು. ಮದ್ಯ ಮೆದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಾನುಗಟ್ಟಲೆ ದಿನವೂ ಕುಡಿದವನ ಮೆದುಳು ಆ ಭಾರಕ್ಕೆದುರಾಗಿ ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡು ಸಮತೂಕ ಕಾಯ್ದುಕೊಂಡಿರುತ್ತದೆ. ಭಾರವನ್ನು ಒಮ್ಮೆಗೇ ತೆಗೆದರೆ ಒತ್ತಿಹಿಡಿದ ಸ್ಪ್ರಿಂಗ್ ಬಿಟ್ಟಂತೆ ಅದು ಸಿಡಿಯುತ್ತದೆ. ಮೊದಲ ದಿನವೇ ನಡುಕ, ಒಂದೆರಡು ದಿನಗಳಲ್ಲಿ ಫಿಟ್ಸ್, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳೊಳಗೆ ಭ್ರಮೆ, ಸನ್ನಿ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಸಂಚಕಾರ. ಬಿ-1 ಜೀವಸತ್ವದ ಕೊರತೆಯಿಂದ ನೆನಪಿನ ಶಕ್ತಿಗೆ ಶಾಶ್ವತವಾದ ಪೆಟ್ಟು ಬೀಳುವುದೂ ಉಂಟು. ಎಲ್ಲರಿಗೂ ಹೀಗಾಗುವುದಿಲ್ಲ; ಆದರೆ ಬಹುಕಾಲ ಕುಡಿದವನು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ಕಾಫಿಯಲ್ಲಿ ಕದ್ದು ಬೆರೆಸುವ ಪುಡಿಗಳ ಮಾತನ್ನೂ ಇಲ್ಲಿಯೇ ಆಡಿಬಿಡುತ್ತೇನೆ. ಅವುಗಳಲ್ಲಿ ಕೆಲವು, ತಿಂದವನು ಆಮೇಲೆ ಕುಡಿದರೆ ಜೀವವನ್ನೇ ತೆಗೆಯಬಲ್ಲವು. ಗಂಡನ ಒಳಿತಿಗೆಂದೇ ಅದನ್ನು ಬೆರೆಸುವ ಹೆಂಗಸರ ಸಂಕಟ ನನಗೆ ಅರ್ಥವಾಗುತ್ತದೆ; ಆದರೂ ಬೇಡ.

ತಮ್ಮ ಬದುಕಿ ಬಂದ. ಹದಿನಾಲ್ಕು ತಿಂಗಳು ಹನಿ ಮುಟ್ಟಲಿಲ್ಲ. 2004ರ ದಸರೆಯ ರಜೆಯಲ್ಲಿ ಒಂದು ಮದುವೆ ಮನೆಯಲ್ಲಿ ಮತ್ತೆ ಕುಡಿದ. ಈಗ ಅವನು ಬರಿಯ ಕುಡುಕನಲ್ಲ, ದೇವರಿಗೆ ಮಾತು ತಪ್ಪಿದವನೂ ಆದ. ನಾವು ಹಾಗೆ ಹೇಳಿದೆವು. ಅವನು ಅದನ್ನು ನಂಬಿದ. ಅಂದಿನಿಂದ ದೇವರ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ. “ಅಣ್ಣಯ್ಯ, ನಾನು ಅಲ್ಲಿಗೂ ಬೇಡದವನು” ಎಂದು ಒಮ್ಮೆ ಅಂದ. ಅವನನ್ನು ಹಿಡಿದು ನಿಲ್ಲಿಸಲೆಂದು ಮಾಡಿಸಿದ ಆಣೆಯೇ ಅವನ ಪಾಲಿಗೆ ಬಾಗಿಲು ಮುಚ್ಚಿತು.

ಹಾಗಾದರೆ ಈ ಕೆಲಸದಲ್ಲಿ ಶ್ರದ್ಧೆಗೆ ಸ್ಥಾನವೇ ಇಲ್ಲವೆ? ಇದೆ, ಆದರೆ ಯಾವ ಬಗೆಯ ಶ್ರದ್ಧೆ ಎಂಬುದನ್ನು ನಾನು ತಡವಾಗಿ ಕಲಿತೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ‘ಮಹಾಂತ ಜೋಳಿಗೆ’ಯ ವಿಷಯ ಹಲವರಿಗೆ ತಿಳಿದಿದೆ. 1975ರಿಂದ ಅವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು, ಕೇರಿಕೇರಿ ಸುತ್ತಿದರು. ಕೇಳಿದ್ದು ಕಾಳುಕಡಿಯನ್ನಲ್ಲ. ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿರಿ ಎಂದು ಕೇಳಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಣೆಯಲ್ಲಿದೆ. ಕರ್ಪೂರದ ಮುಂದೆ ನಿಂತ ನನ್ನ ತಮ್ಮ ಅಪರಾಧಿಯಾಗಿದ್ದ. ಜೋಳಿಗೆಯ ಮುಂದೆ ನಿಂತವನಾದರೋ ದಾನಿ. ಬೇಡುತ್ತಿರುವವರು ಸ್ವಾಮಿಗಳು, ಕೊಡುವ ಕೈ ಕುಡುಕನದು. ಜಂಗಮ ಭಿಕ್ಷೆಯ ಹಳೆಯ ಪದ್ಧತಿಗೆ ಇಷ್ಟು ದೊಡ್ಡ ಮನಶ್ಶಾಸ್ತ್ರ ಒದಗೀತೆಂದು ನಾನು ಎಣಿಸಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬನಲ್ಲವೆ! ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಹೆಂಡ, ಮಡಕೆ, ಅಮಲು ಇವೇ ಅವನ ಅರಿವಿನ ಮಾತಿಗೆ ರೂಪಕಗಳಾದುವು. ಆ ಪರಂಪರೆಯಲ್ಲಿ ಹೆಂಡದಂಗಡಿಯವನೂ ಹೊರಗಿನವನಾಗಿರಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಜೋಳಿಗೆ ಮುಂದಿನ ಊರಿಗೆ ಹೋಗುತ್ತದೆ. ಸಂಜೆ ಆರೂವರೆ ಗಂಟೆ ಮಾತ್ರ ದಿನವೂ ಬರುತ್ತದೆ. ಆ ಗಂಟೆಗೆ ಏನು ಮಾಡಬೇಕು?

ತಮ್ಮನಿಗೆ ಇದಕ್ಕೆ ಉತ್ತರ ದೊರೆತದ್ದು 2005ರಲ್ಲಿ, ಒಂದು ಇಗರ್ಜಿಯ ಹಿಂದಿನ ಶಾಲಾಕೊಠಡಿಯಲ್ಲಿ ಗುರುವಾರ ಸಂಜೆ ಸೇರುತ್ತಿದ್ದ ಹನ್ನೆರಡು ಮಂದಿಯ ಕೂಟದಲ್ಲಿ. ಅದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಲೋಕವ್ಯಾಪಿ ಸಂಘಟನೆಯ ಒಂದು ಗುಂಪು. ಮಗ ಎಲ್ಲಿ ಮತಾಂತರವಾಗಿಬಿಡುತ್ತಾನೋ ಎಂದು ತಾಯಿಯವರಿಗೆ ಭಯ. ನನಗೂ ಒಳಗೊಳಗೇ ಅನುಮಾನ. ಹಾಗಾಗಿ ಆ ಸಂಘಟನೆಯ ಹುಟ್ಟನ್ನು ಕುರಿತು ನಾನು ಓದತೊಡಗಿದೆ.

1935ರ ಮೇ ತಿಂಗಳು. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದ ಹೊಟೆಲೊಂದರಲ್ಲಿ ಒಬ್ಬನೇ ನಿಂತಿದ್ದ. ಬಂದ ವ್ಯವಹಾರ ಕೈಕೊಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳುಗಳಾಗಿದ್ದುವು. ಒಂದು ಕಡೆ ಹೊಟೆಲಿನ ಬಾರು, ಇನ್ನೊಂದು ಕಡೆ ದೂರವಾಣಿ. ತಾನು ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕೆಂದು ಅವನಿಗೆ ಹೊಳೆಯಿತು. ಒಬ್ಬ ಪಾದ್ರಿಗೆ ಫೋನು ಮಾಡಿದ. ಅದರ ಮೂಲಕ ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಇಬ್ಬರೂ ಗಂಟೆಗಟ್ಟಲೆ ಮಾತನಾಡಿದರು. ಇಲ್ಲಿಗೆ ಕಥೆ ಮುಗಿದಿದ್ದರೆ ಅದೊಂದು ಪವಾಡವಾಗುತ್ತಿತ್ತು. ಮುಗಿಯಲಿಲ್ಲ. ಕೆಲವು ವಾರಗಳಲ್ಲೇ ಬಾಬ್ ಒಂದು ವೈದ್ಯಸಮ್ಮೇಳನಕ್ಕೆ ಹೋಗಿ ಮತ್ತೆ ಕಂಠಪೂರ್ತಿ ಕುಡಿದು ಬಂದ. ಆತ ಕೊನೆಯ ಸಲ ಕುಡಿದದ್ದು 1935ರ ಜೂನ್ 10ರಂದು. ಆ ದಿನವೇ ಸಂಘಟನೆಯ ಜನ್ಮದಿನವೆಂದು ಗಣನೆಯಾಗಿದೆ. ಸ್ಥಾಪಕರಲ್ಲೇ ಒಬ್ಬ ಎಡವಿ ಬಿದ್ದ ಸಂಗತಿಯನ್ನು ಮುಚ್ಚಿಡದೆ ಇಟ್ಟುಕೊಂಡ ಕೂಟವಿದು. ನಮ್ಮ ಮನೆಯಲ್ಲಾಗಿದ್ದರೆ ಬಾಬ್‌ನಿಗೆ ದೇವರ ಮನೆ ಮುಚ್ಚಿಹೋಗುತ್ತಿತ್ತು.

ಮೊದಲಲ್ಲಿ ಅವರು ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಪಂಥದೊಳಗೆ ಇದ್ದವರು, ಬಳಿಕ ಬೇರೆಯಾದರು. 1939ರಲ್ಲಿ ಅವರ ಗ್ರಂಥ ಹೊರಬಂದಾಗ ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಹೆಸರಿನೊಡನೆ ‘ನಾವು ಅರಿತುಕೊಂಡ ಹಾಗಿನ’ ಎಂಬ ವಿಶೇಷಣ ಸೇರಿತ್ತು. ಗುಂಪಿನಲ್ಲಿದ್ದ ನಾಸ್ತಿಕರ ಹಟದ ಫಲ ಅದು. ಇಷ್ಟದೈವವೆಂಬ ಕಲ್ಪನೆಯಲ್ಲಿ ಬೆಳೆದ ನಮಗೆ ಅದನ್ನು ವಿವರಿಸಿ ಹೇಳಬೇಕಾದ ಅಗತ್ಯವೇ ಇಲ್ಲ. ತಮ್ಮನ ಕೂಟದಲ್ಲಿ ಒಬ್ಬ ಮುಸಲ್ಮಾನ ದರ್ಜಿ, ಇಬ್ಬರು ಕ್ರೈಸ್ತರು, ದೇವರನ್ನೇ ಒಪ್ಪದ ಒಬ್ಬ ಕಾರ್ಮಿಕ ನಾಯಕ ಇದ್ದರು. ಅವರಿಗೆಲ್ಲ ಸಮಾನವಾಗಿದ್ದ ನಂಬಿಕೆ ಒಂದೇ: ನನ್ನೊಬ್ಬನ ಶಕ್ತಿಯಿಂದ ಇದು ಆಗದು. ಆಣೆ ಹಾಕುವವನು ಹೇಳುವುದು ‘ನಾನು ಬಿಟ್ಟೆ’ ಎಂದು. ಅಲ್ಲಿ ಆ ‘ನಾನು’ವೇ ಮೊದಲು ಹೋಗಬೇಕು.

1961ರ ಜನವರಿಯಲ್ಲಿ, ತಾವು ತೀರಿಕೊಳ್ಳುವ ಕೆಲವೇ ತಿಂಗಳು ಮೊದಲು, ಮನೋವಿಜ್ಞಾನಿ ಕಾರ್ಲ್ ಯೂಂಗ್ ಇದೇ ಬಿಲ್ ವಿಲ್ಸನ್‌ಗೆ ಒಂದು ಕಾಗದ ಬರೆದರು. ಕುಡುಕನ ದಾಹ ನಿಜವಾಗಿ ಪೂರ್ಣತೆಗಾಗಿ ಇರುವ ಆತ್ಮದ ದಾಹವೇ, ಕೆಳಗಿನ ಮಟ್ಟದಲ್ಲಿ ತೋರಿಕೊಂಡದ್ದು, ಎಂಬುದು ಅದರ ತಾತ್ಪರ್ಯ. ಲ್ಯಾಟಿನಿನಲ್ಲಿ ಆತ್ಮಕ್ಕೂ ಮದ್ಯಕ್ಕೂ ‘ಸ್ಪಿರಿಟಸ್’ ಎಂಬ ಒಂದೇ ಶಬ್ದವಿರುವುದನ್ನು ಅವರು ಎತ್ತಿ ತೋರಿಸಿದರು. ಅದನ್ನು ಓದಿದಾಗ ನನಗೆ ನಮ್ಮ ‘ವ್ಯಸನ’ ನೆನಪಾಯಿತು. ಅವರ ಭಾಷೆ ಕುಡಿತದ ಪಕ್ಕದಲ್ಲಿ ಆತ್ಮವನ್ನು ಇರಿಸಿದೆ, ನಮ್ಮದು ದುಃಖವನ್ನು. ತಮ್ಮನನ್ನು ಕಂಡ ನನಗೆ ಎರಡೂ ಸರಿಯೆಂದೇ ತೋರುತ್ತದೆ.

ವಿಜ್ಞಾನ ಏನೆನ್ನುತ್ತದೆ ಎಂದು ಕೇಳುವವರಿಗೆ ಎರಡು ಮಾತು. ಜಾರ್ಜ್ ವೇಲಂಟ್ ಎಂಬ ಅಮೆರಿಕದ ಮನೋವೈದ್ಯರು ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದವರನ್ನೂ ಬಾಸ್ಟನ್ನಿನ ಬಡಕೇರಿಗಳ ಹುಡುಗರನ್ನೂ ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವನ್ನು ಆಧರಿಸಿ 1983ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಬಹುಕಾಲ ಕುಡಿತದಿಂದ ದೂರ ಉಳಿದವರ ಬಾಳಿನಲ್ಲಿ ಅವರಿಗೆ ಮುಖ್ಯವಾಗಿ ಕಂಡ ಸಂಗತಿಗಳು ಇವು: ಹೊರಗಿನದೊಂದು ಕಾವಲು, ಕುಡಿತದ ಜಾಗವನ್ನು ತುಂಬುವ ಬೇರೊಂದು ಅವಲಂಬನ, ಹೊಸ ಆತ್ಮೀಯ ಸಂಬಂಧ, ಮತ್ತು ಶ್ರದ್ಧೆ. 2020ರಲ್ಲಿ ಕೊಕ್ರೇನ್ ಸಂಸ್ಥೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 27 ಅಧ್ಯಯನಗಳನ್ನು ಪರಿಶೀಲಿಸಿತು. ಈ ಕೂಟಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆ, ನಿರಂತರ ಮದ್ಯವರ್ಜನದ ಮಟ್ಟಿಗೆ ಇತರ ಪ್ರತಿಷ್ಠಿತ ಚಿಕಿತ್ಸೆಗಳಿಗಿಂತ ಮೇಲೆಂದು ಅದಕ್ಕೆ ತೋರಿತು. ದೇವರು ಗುಣಪಡಿಸಿದನೆಂದು ಇದರಿಂದ ಸಿದ್ಧವಾಗುವುದಿಲ್ಲ. ಒಡನಾಟ ಬದಲಾದುದೇ ದೊಡ್ಡ ಕಾರಣವೆಂದು ಸಂಶೋಧಕರು ಹೇಳುತ್ತಾರೆ. ಶರಣರು ಸಂಗಕ್ಕೆ ಕೊಟ್ಟ ಬೆಲೆಯನ್ನು ಬಲ್ಲ ನಮಗೆ ಇದರಲ್ಲಿ ತಕರಾರಿಲ್ಲ.

ನಮ್ಮಲ್ಲಿಯೂ ಈ ತಿಳಿವಳಿಕೆ ಬೇರೂರಿದೆ. ಧರ್ಮಸ್ಥಳದ ಆಶ್ರಯದಲ್ಲಿ ಹಳ್ಳಿಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಭಜನೆ, ಯೋಗ, ಆಪ್ತಸಲಹೆಗಳೊಡನೆ ಒಂದು ವಾರದಲ್ಲಿ ಮುಗಿಯುತ್ತವೆ. ಶಿಬಿರಕ್ಕಿಂತ ನನಗೆ ಮುಖ್ಯವೆನಿಸಿದ್ದು ಅನಂತರ ಊರಿನಲ್ಲೇ ಉಳಿದು ಸಭೆ ಸೇರುವ ನವಜೀವನ ಸಮಿತಿಗಳು. ದೀಕ್ಷೆ ಒಂದು ಸಲದ್ದು, ಪೂಜೆ ನಿತ್ಯದ್ದು. ನಿನ್ನೆ ಮಾಡಿದ ಪೂಜೆ ಇಂದಿಗೆ ಸಾಲದೆಂಬುದು ಪ್ರತಿ ಮನೆಯ ಮುದುಕಿಗೂ ಗೊತ್ತು. ನನ್ನ ತಾಯಿಯವರಿಗೂ ಗೊತ್ತಿತ್ತು. ತಮ್ಮನ ವಿಷಯದಲ್ಲಿ ಮಾತ್ರ ನಾವಿಬ್ಬರೂ ಒಂದೇ ದಿನದ ದೀಕ್ಷೆಯಲ್ಲಿ ಎಲ್ಲವನ್ನೂ ಮುಗಿಸಲು ಹೊರಟಿದ್ದೆವು.

ಅವನು 2005ರಿಂದ ಕುಡಿದಿಲ್ಲ. ‘ಇವತ್ತು ಕುಡಿದಿಲ್ಲ’ ಎನ್ನುತ್ತಾನೆಯೇ ಹೊರತು ‘ಬಿಟ್ಟೆ’ ಎನ್ನುವುದಿಲ್ಲ. ಮೊದಲ ವರ್ಷಗಳಲ್ಲಿ ಆರೂವರೆಗೆ ಸರಿಯಾಗಿ ಬಡ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಕೂರುತ್ತಿದ್ದ. ಮಕ್ಕಳ ಉಪಕಾರಕ್ಕೆಂದು ನಾನು ತಿಳಿದಿದ್ದೆ. ತನ್ನ ಉಪಕಾರಕ್ಕೆ ಎಂದು ಅವನು ತಿದ್ದಿದ. ದೇವರ ಮನೆಗೆ ಅವನು ಮತ್ತೆ ಹೋದದ್ದು ಮೂರು ವರ್ಷ ಕಳೆದ ಮೇಲೆ, ಯಾರೂ ಕರೆಯದೆ.

ಕಳೆದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಯಾರೋ ಇಪ್ಪತ್ತೆಂಟರ ಹುಡುಗ. ಕುಡಿತ ಬಿಟ್ಟು ಎರಡು ದಿನವಾಗಿದೆಯಂತೆ, ಮನೆಯವರಿಗೆ ದಿಕ್ಕು ತೋಚುತ್ತಿಲ್ಲ. ತಮ್ಮನಿಗೀಗ ಅರುವತ್ತು ದಾಟಿದೆ. ಅಂಗಿ ತೊಟ್ಟು ಫ್ಲಾಸ್ಕಿಗೆ ಕಾಫಿ ತುಂಬಿಕೊಂಡ. ನಾನೂ ಜೊತೆಗೆ ಹೋದೆ. ಆ ಮನೆಯ ನಡುಮನೆಯಲ್ಲಿ ದೀಪ ಹಚ್ಚಿ, ಹುಡುಗನ ಹಣೆಗೆ ವಿಭೂತಿ ಬಳಿದು, ತಾಯಿ ಪಕ್ಕದಲ್ಲಿ ಕುಳಿತಿದ್ದರು. ತಮ್ಮ ದೀಪಕ್ಕೆ ಕೈಮುಗಿದು, “ಅಮ್ಮಾ, ಕೊನೆಯ ಸಲ ಕುಡಿದದ್ದು ಎಷ್ಟು ಹೊತ್ತಿಗೆ? ಫಿಟ್ಸ್ ಏನಾದರೂ ಬಂತೇ?” ಎಂದು ಕೇಳಿದ. ಹುಡುಗನ ಕೈ ಹಿಡಿದು ನಡುಕ ನೋಡಿದ. ನನ್ನ ಕಡೆ ತಿರುಗಿ, “ಅಣ್ಣಯ್ಯ, ಆಟೋ ಕರಿ. ಮೊದಲು ಆಸ್ಪತ್ರೆ” ಎಂದ.

ನಾವು ಮನೆಗೆ ಮರಳಿದಾಗ ಬೆಳಕು ಹರಿದಿತ್ತು. ತಮ್ಮ ಸ್ನಾನ ಮಾಡಿ ದೇವರ ಮನೆಗೆ ಹೋದ. ನಾನು ಕಾಫಿಗೆ ನೀರಿಟ್ಟೆ.