ಗೃಹಬಳಕೆಯ ಗಣಕಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಕೆ

ಗಣಕಯಂತ್ರಕ್ಕೆ ಎಸ್‌ಎಸ್‌ಡಿ ಅಳವಡಿಕೆ ಎಂದರೆ, ಡೆಸ್ಕ್‌ಟಾಪ್ ಅಥವಾ ಲ್ಯಾಪ್‌ಟಾಪ್ ಗಣಕದಲ್ಲಿರುವ ಹಾರ್ಡ್ ಡಿಸ್ಕ್‌ನ ಜಾಗದಲ್ಲಿ, ಇಲ್ಲವೇ ಅದರ ಜೊತೆಯಲ್ಲಿ, ಸಾಲಿಡ್ ಸ್ಟೇಟ್ ಡ್ರೈವ್ ಎಂಬ ಸಂಗ್ರಹ ಸಾಧನವನ್ನು ಜೋಡಿಸಿ ಕಾರ್ಯಾಚರಣಾ ವ್ಯವಸ್ಥೆಯು ಅದರಿಂದಲೇ ಆರಂಭವಾಗುವಂತೆ ಮಾಡುವುದು. ಹಾರ್ಡ್ ಡಿಸ್ಕ್ ತಿರುಗುವ ಕಾಂತೀಯ ತಟ್ಟೆಗಳ ಮೇಲೆ ದತ್ತಾಂಶವನ್ನು ಬರೆಯುತ್ತದೆ. ಎಸ್‌ಎಸ್‌ಡಿಯು ಅದನ್ನು ಫ್ಲ್ಯಾಶ್ ಸ್ಮೃತಿಯ ಚಿಪ್‌ಗಳಲ್ಲಿ ವಿದ್ಯುದಾವೇಶದ ರೂಪದಲ್ಲಿ ಇಡುತ್ತದೆ. ಅದರಲ್ಲಿ ಚಲಿಸುವ ಭಾಗಗಳಿಲ್ಲ. ಹಾರ್ಡ್ ಡಿಸ್ಕ್‌ನಿಂದ ನಡೆಯುತ್ತಿರುವ ಹಳೆಯ ಗಣಕಕ್ಕೆ ಮಾಡಬಹುದಾದ ಬದಲಾವಣೆಗಳ ಪೈಕಿ ಬಳಕೆದಾರರಿಗೆ ಅತ್ಯಂತ ಸ್ಪಷ್ಟವಾಗಿ ಅನುಭವಕ್ಕೆ ಬರುವುದು ಸಾಮಾನ್ಯವಾಗಿ ಇದೇ.

ಹಿನ್ನೆಲೆ

ಮೊದಲ ವಾಣಿಜ್ಯ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆಯು 1956ರಲ್ಲಿ ರಾಮಾಕ್ ಗಣಕದೊಂದಿಗೆ ಹೊರತಂದಿತು. ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಸುಮಾರು 50 ಲಕ್ಷ ಅಕ್ಷರಗಳನ್ನು ಸಂಗ್ರಹಿಸಬಹುದಾಗಿತ್ತು. ಎಸ್‌ಎಸ್‌ಡಿಗೆ ಆಧಾರವಾದ ಫ್ಲ್ಯಾಶ್ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಓಕ ಅವರು 1980ರ ದಶಕದಲ್ಲಿ ರೂಪಿಸಿದರು. ಇಂದಿನ ಎಸ್‌ಎಸ್‌ಡಿಗಳಲ್ಲಿ ಬಳಕೆಯಾಗುವ ನ್ಯಾಂಡ್ ಬಗೆಯ ಫ್ಲ್ಯಾಶ್ 1987ರಲ್ಲಿ ಪ್ರಕಟವಾಯಿತು. 1991ರಲ್ಲಿ ಸ್ಯಾನ್‌ಡಿಸ್ಕ್ ಸಂಸ್ಥೆಯು 20 ಮೆಗಾಬೈಟ್ ಸಾಮರ್ಥ್ಯದ ಫ್ಲ್ಯಾಶ್ ಡ್ರೈವನ್ನು ತಯಾರಿಸಿತು. ಬೆಲೆ ವಿಪರೀತವಾಗಿದ್ದುದರಿಂದ ಇಂತಹ ಸಾಧನಗಳು ಬಹುಕಾಲ ಮನೆಗಳನ್ನು ತಲುಪಲಿಲ್ಲ. ಇಂಟೆಲ್ ಸಂಸ್ಥೆಯ ಎಕ್ಸ್25-ಎಂ ಮೊದಲಾದ ಡ್ರೈವ್‌ಗಳು 2008ರಲ್ಲಿ ಬಂದ ಬಳಿಕ ಅವು ಕ್ರಮೇಣ ಗೃಹಬಳಕೆಗೆ ಬಂದವು.

ವೇಗದ ವ್ಯತ್ಯಾಸಕ್ಕೆ ಕಾರಣ

ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಬೇಕಾದ ದತ್ತಾಂಶವು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ತಲೆಯು ಸರಿಯಾದ ಪಥಕ್ಕೆ ಸರಿಯಲು ತಗಲುವ ಅವಧಿಯನ್ನು ಸೇರಿಸಿದರೆ ಒಂದು ಓದಿಗೆ ಸುಮಾರು 12 ಮಿಲಿಸೆಕೆಂಡು ಆಗುತ್ತದೆ. ಎಸ್‌ಎಸ್‌ಡಿಯಲ್ಲಿ ಇದೇ ಕೆಲಸಕ್ಕೆ 0.1 ಮಿಲಿಸೆಕೆಂಡಿನ ಆಸುಪಾಸು ಸಾಕು.

ಗಣಕವು ಆರಂಭವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಡಿಸ್ಕ್‌ನ ಬೇರೆ ಬೇರೆ ಭಾಗಗಳಿಂದ ಓದಬೇಕಾಗುತ್ತದೆ. ಉದಾಹರಣೆಗೆ, ಅಂತಹ 10,000 ಓದುಗಳು ಒಂದಾದ ಮೇಲೊಂದರಂತೆ ನಡೆದರೆ ಹಾರ್ಡ್ ಡಿಸ್ಕ್‌ಗೆ ಸುಮಾರು ಎರಡು ನಿಮಿಷ ಬೇಕು. ಎಸ್‌ಎಸ್‌ಡಿಗೆ ಸುಮಾರು ಒಂದು ಸೆಕೆಂಡು ಸಾಕು. ದೊಡ್ಡ ಚಲನಚಿತ್ರದ ಕಡತವನ್ನು ನಿರಂತರವಾಗಿ ಓದುವಾಗ ಅಂತರ ಇಷ್ಟು ದೊಡ್ಡದಲ್ಲ. ಆದುದರಿಂದ ಕಾರ್ಯಾಚರಣಾ ವ್ಯವಸ್ಥೆ ಮತ್ತು ತಂತ್ರಾಂಶಗಳನ್ನು ಎಸ್‌ಎಸ್‌ಡಿಯಲ್ಲಿಟ್ಟು, ಹಾಡು, ಚಿತ್ರ, ವೀಡಿಯೊಗಳನ್ನು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿಯೇ ಉಳಿಸಿಕೊಳ್ಳುವ ಪದ್ಧತಿಯೂ ರೂಢಿಯಲ್ಲಿದೆ.

ವಿಧಗಳು ಮತ್ತು ಹೊಂದಾಣಿಕೆ

ಗೃಹಬಳಕೆಯ ಎಸ್‌ಎಸ್‌ಡಿಗಳು ಮುಖ್ಯವಾಗಿ ಮೂರು ಬಗೆಯವು.

2.5 ಅಂಗುಲದ ಸಾಟಾ ಡ್ರೈವ್: ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್‌ನಷ್ಟೇ ಅಗಲವಿದ್ದು, ಸಾಮಾನ್ಯವಾಗಿ 7 ಮಿಲಿಮೀಟರ್ ದಪ್ಪವಿರುತ್ತದೆ. 9.5 ಮಿಲಿಮೀಟರ್ ದಪ್ಪದ ಡಿಸ್ಕ್ ಇದ್ದ ಜಾಗದಲ್ಲಿ ಕೂರಿಸುವಾಗ ಅಲುಗಾಡದಂತೆ ತೆಳುವಾದ ಚೌಕಟ್ಟನ್ನು ಸೇರಿಸಲಾಗುತ್ತದೆ. ಸೆಕೆಂಡಿಗೆ 6 ಗಿಗಾಬಿಟ್‌ನ ಸಾಟಾ ಸಂಪರ್ಕದಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 550 ಮೆಗಾಬೈಟ್‌ಗೆ ಸೀಮಿತ.

ಎಂ.2 ಸಾಟಾ ಡ್ರೈವ್: ಚಿಕ್ಕ ಪಟ್ಟಿಯ ಆಕಾರದ್ದು. ವೇಗ ಮೇಲಿನದರಷ್ಟೇ.

ಎಂ.2 ಎನ್‌ವಿಎಂಇ ಡ್ರೈವ್: ನೋಟಕ್ಕೆ ಹಿಂದಿನದರಂತೆಯೇ ಇದ್ದರೂ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದಲ್ಲಿ ಕೆಲಸ ಮಾಡುತ್ತದೆ. ಈ ಮಾರ್ಗದ ಮೂರನೆಯ ತಲೆಮಾರಿನಲ್ಲಿ ನಿರಂತರ ಓದಿನ ವೇಗ ಸೆಕೆಂಡಿಗೆ ಸುಮಾರು 3500 ಮೆಗಾಬೈಟ್‌ವರೆಗೆ ಹೋಗುತ್ತದೆ.

ಖರೀದಿಯಲ್ಲಿ ಹೆಚ್ಚಾಗಿ ಆಗುವ ತಪ್ಪು ಕೊನೆಯ ಎರಡನ್ನು ಒಂದೇ ಎಂದು ಭಾವಿಸುವುದು. ಕೆಲವು ಎಂ.2 ಕಿಂಡಿಗಳು ಸಾಟಾ ಬಗೆಯನ್ನು ಮಾತ್ರ, ಕೆಲವು ಎನ್‌ವಿಎಂಇ ಬಗೆಯನ್ನು ಮಾತ್ರ, ಇನ್ನು ಕೆಲವು ಎರಡನ್ನೂ ಸ್ವೀಕರಿಸುತ್ತವೆ. ಪಟ್ಟಿಯ ಅಳತೆಯನ್ನೂ ಗಮನಿಸಬೇಕು: 2280 ಎಂಬ ಸಂಖ್ಯೆಯು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದವನ್ನು ಸೂಚಿಸುತ್ತದೆ. ಹಳೆಯ ಅನೇಕ ಮದರ್‌ಬೋರ್ಡ್‌ಗಳು ಎನ್‌ವಿಎಂಇ ಡ್ರೈವ್‌ನಿಂದ ಆರಂಭವಾಗಲಾರವು, ಅವುಗಳಿಗೆ 2.5 ಅಂಗುಲದ ಸಾಟಾ ಡ್ರೈವ್ ಸುರಕ್ಷಿತ ಆಯ್ಕೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎಂ.2 ಕಿಂಡಿಯನ್ನು ಬಳಸಿದಾಗ ಒಂದೆರಡು ಸಾಟಾ ಕಿಂಡಿಗಳು ನಿಷ್ಕ್ರಿಯವಾಗುವುದೂ ಉಂಟು. ಈ ವಿವರಗಳು ಮದರ್‌ಬೋರ್ಡ್‌ನ ಕೈಪಿಡಿಯಲ್ಲಿ ದೊರೆಯುತ್ತವೆ.

ಪೂರ್ವಸಿದ್ಧತೆ

ಅಳವಡಿಕೆಯ ಅತ್ಯಂತ ಮುಖ್ಯ ಹಂತವು ಸ್ಕ್ರೂ ಬಿಚ್ಚುವ ಮೊದಲೇ ಮುಗಿಯಬೇಕು. ಕುಟುಂಬದ ಛಾಯಾಚಿತ್ರಗಳು, ಆಸ್ತಿಪತ್ರಗಳ ಪ್ರತಿಗಳು, ಮಕ್ಕಳ ಅಂಕಪಟ್ಟಿಗಳು ಮೊದಲಾದವು ಅನೇಕ ಮನೆಗಳಲ್ಲಿ ಒಂದೇ ಡಿಸ್ಕ್‌ನಲ್ಲಿರುತ್ತವೆ. ನಕಲು ಮಾಡುವಾಗ ಮೂಲ ಡಿಸ್ಕ್ ಯಾವುದು, ಗುರಿ ಡಿಸ್ಕ್ ಯಾವುದು ಎಂಬುದು ಅದಲುಬದಲಾದರೆ ಖಾಲಿ ಡ್ರೈವ್‌ನ ಪ್ರತಿಯು ತುಂಬಿದ ಡ್ರೈವ್‌ನ ಮೇಲೆ ಬಿದ್ದು ಎಲ್ಲವೂ ಅಳಿಸಿಹೋಗುತ್ತದೆ. ಆದುದರಿಂದ ಈ ಎರಡೂ ಡಿಸ್ಕ್‌ಗಳಿಗೆ ಹೊರತಾದ ಮೂರನೆಯ ಸ್ಥಳದಲ್ಲಿ ಪ್ರತಿಯೊಂದನ್ನು ಇಟ್ಟು, ಅದರ ಕೆಲವು ಕಡತಗಳನ್ನು ತೆರೆದು ಪರೀಕ್ಷಿಸುವುದು ಅವಶ್ಯಕ.

ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪೀಕರಣವು ಚಾಲ್ತಿಯಲ್ಲಿದ್ದರೆ ಅದರ ಮರುಪಡೆಯುವಿಕೆಯ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಂಡು, ನಕಲು ಮಾಡುವ ಮುನ್ನ ಅದನ್ನು ಸ್ಥಗಿತಗೊಳಿಸಬೇಕು. ಹೊಸ ಡ್ರೈವ್‌ನ ಸಾಮರ್ಥ್ಯವು ಹಳೆಯದರಲ್ಲಿ ತುಂಬಿರುವ ದತ್ತಾಂಶಕ್ಕಿಂತ ಹೆಚ್ಚಿರಬೇಕು. 500 ಗಿಗಾಬೈಟ್ ಎಂದು ಮಾರಾಟವಾಗುವ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 465 ಎಂದು ಕಾಣಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದೇ ಇದಕ್ಕೆ ಕಾರಣ, ಇದು ದೋಷವಲ್ಲ.

ಅಳವಡಿಸುವ ಕ್ರಮ

ವ್ಯವಸ್ಥೆಯನ್ನು ಹೊಸ ಡ್ರೈವ್‌ಗೆ ವರ್ಗಾಯಿಸಲು ಎರಡು ಮಾರ್ಗಗಳಿವೆ. ಮೊದಲನೆಯದು, ಕ್ಲೋನ್‌ಜಿಲ್ಲಾದಂತಹ ಮುಕ್ತ ತಂತ್ರಾಂಶದಿಂದ ಇಡೀ ಡಿಸ್ಕ್‌ನ ಯಥಾಪ್ರತಿಯನ್ನು ಮಾಡುವುದು. ಲ್ಯಾಪ್‌ಟಾಪಿನಲ್ಲಿ ಎರಡನೆಯ ಡ್ರೈವ್‌ಗೆ ಜಾಗವಿಲ್ಲದಿದ್ದರೆ ಹೊಸದನ್ನು ಯುಎಸ್‌ಬಿ ಸಂಪರ್ಕಕದ ಮೂಲಕ ಜೋಡಿಸಿ ನಕಲು ಮಾಡಬಹುದು. ಎರಡನೆಯದು, ಕಾರ್ಯಾಚರಣಾ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ ಕಡತಗಳನ್ನು ಮಾತ್ರ ಹಿಂದಿರುಗಿಸುವುದು. ಮೊದಲ ಮಾರ್ಗದಲ್ಲಿ ಎಲ್ಲ ತಂತ್ರಾಂಶಗಳೂ ಇದ್ದಂತೆಯೇ ಉಳಿಯುತ್ತವೆ, ಹಳೆಯ ದೋಷಗಳೂ ಉಳಿಯುತ್ತವೆ. ಎರಡನೆಯದರಲ್ಲಿ ಶ್ರಮ ಹೆಚ್ಚು, ವ್ಯವಸ್ಥೆ ಶುದ್ಧ. ಹಳೆಯ ಡಿಸ್ಕ್ ಕೆಡುವ ಸೂಚನೆ ತೋರುತ್ತಿದ್ದರೆ ಮೊದಲು ಮುಖ್ಯ ಕಡತಗಳನ್ನು ಹೊರತೆಗೆದು ಎರಡನೆಯ ಮಾರ್ಗವನ್ನು ಅನುಸರಿಸುವುದು ಸೂಕ್ತ.

ಜೋಡಿಸುವ ಮುನ್ನ ಗಣಕವನ್ನು ಪೂರ್ಣವಾಗಿ ಆರಿಸಿ, ವಿದ್ಯುತ್ ತಂತಿಯನ್ನೂ, ಸಾಧ್ಯವಿದ್ದಲ್ಲಿ ಬ್ಯಾಟರಿಯನ್ನೂ ತೆಗೆಯಲಾಗುತ್ತದೆ. ದೇಹದ ಸ್ಥಾಯೀ ವಿದ್ಯುತ್ತಿನಿಂದ ಚಿಪ್‌ಗಳಿಗೆ ಹಾನಿಯಾಗದಂತೆ ಲೋಹದ ಹೊರಕವಚವನ್ನು ಮುಟ್ಟಿ ಕೆಲಸ ಆರಂಭಿಸುವುದು ಕ್ರಮ. ಸಾಟಾ ಡ್ರೈವ್‌ಗೆ ಡೆಸ್ಕ್‌ಟಾಪಿನಲ್ಲಿ ದತ್ತಾಂಶದ ಮತ್ತು ವಿದ್ಯುತ್ತಿನ ಎರಡು ಪ್ರತ್ಯೇಕ ಕೇಬಲ್‌ಗಳು ಬೇಕು. ಎಂ.2 ಪಟ್ಟಿಯನ್ನು ಕಿಂಡಿಗೆ ಓರೆಯಾಗಿ ಸೇರಿಸಿ, ಮೆಲ್ಲನೆ ಕೆಳಗೆ ಒತ್ತಿ, ತುದಿಗೆ ಸ್ಕ್ರೂ ಬಿಗಿಯಲಾಗುತ್ತದೆ. ಬಳಿಕ ಗಣಕದ ಆರಂಭಿಕ ಹೊಂದಿಕೆಗಳಲ್ಲಿ ಹೊಸ ಡ್ರೈವನ್ನು ಮೊದಲ ಸ್ಥಾನಕ್ಕೆ ತರಬೇಕು. ಯಥಾಪ್ರತಿ ಮಾಡಿದ್ದಲ್ಲಿ ಮೊದಲ ಬಾರಿ ಆರಂಭಿಸುವಾಗ ಹಳೆಯ ಡಿಸ್ಕನ್ನು ಕಳಚಿಡುವುದು ಒಳ್ಳೆಯದು. ಎರಡಕ್ಕೂ ಒಂದೇ ಗುರುತು ಇರುವುದರಿಂದ ಗಣಕವು ಗೊಂದಲಕ್ಕೊಳಗಾಗಬಹುದು.

ಬಾಳಿಕೆ ಮತ್ತು ನಿರ್ವಹಣೆ

ಫ್ಲ್ಯಾಶ್ ಕೋಶಗಳನ್ನು ಸೀಮಿತ ಸಂಖ್ಯೆಯಲ್ಲಿ ಮಾತ್ರ ಅಳಿಸಿ ಬರೆಯಬಹುದು. ಸವೆತವು ಎಲ್ಲ ಕೋಶಗಳಿಗೂ ಸಮನಾಗಿ ಹಂಚಿಹೋಗುವಂತೆ ಡ್ರೈವ್‌ನ ನಿಯಂತ್ರಕವು ನೋಡಿಕೊಳ್ಳುತ್ತದೆ. ತಯಾರಕರು ಖಾತರಿಗೆ ಒಳಪಟ್ಟ ಒಟ್ಟು ಬರಹದ ಪ್ರಮಾಣವನ್ನು ಟೆರಾಬೈಟ್‌ಗಳಲ್ಲಿ ಸೂಚಿಸುತ್ತಾರೆ. 150 ಟೆರಾಬೈಟ್ ಎಂದು ಸೂಚಿಸಿದ ಡ್ರೈವ್‌ಗೆ ದಿನಕ್ಕೆ 20 ಗಿಗಾಬೈಟ್ ಬರೆದರೂ ಆ ಮಿತಿಯನ್ನು ತಲುಪಲು ಸುಮಾರು 20 ವರ್ಷ ಬೇಕಾಗುತ್ತದೆ.

ಅಳಿಸಿದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಎಂಬ ಆದೇಶವನ್ನು ವಿಂಡೋಸ್ 7 ಮತ್ತು ನಂತರದ ಆವೃತ್ತಿಗಳೂ ಲಿನಕ್ಸ್ ವ್ಯವಸ್ಥೆಗಳೂ ಬೆಂಬಲಿಸುತ್ತವೆ. ಇದರಿಂದ ವೇಗ ಉಳಿದುಕೊಳ್ಳುತ್ತದೆ. ಆದರೆ ತಪ್ಪಿ ಅಳಿಸಿದ ಕಡತವನ್ನು ಮರಳಿ ಪಡೆಯುವುದು ಹಾರ್ಡ್ ಡಿಸ್ಕ್‌ನಲ್ಲಿ ಅನೇಕ ವೇಳೆ ಸಾಧ್ಯವಾದರೆ, ಟ್ರಿಮ್ ಆದ ಎಸ್‌ಎಸ್‌ಡಿಯಲ್ಲಿ ಬಹುಮಟ್ಟಿಗೆ ಅಸಾಧ್ಯ. ಹಾರ್ಡ್ ಡಿಸ್ಕ್ ಕೆಡುವ ಮುನ್ನ ಹಲವು ಬಾರಿ ಸದ್ದು ಮಾಡಿ ಎಚ್ಚರಿಸುತ್ತದೆ. ಎಸ್‌ಎಸ್‌ಡಿಯು ಸದ್ದಿಲ್ಲದೆ ಒಮ್ಮೆಲೇ ನಿಲ್ಲಬಹುದು. ಆದ್ದರಿಂದ ಎಸ್‌ಎಸ್‌ಡಿ ಅಳವಡಿಸಿದ ಮೇಲೆ ನಿಯತವಾದ ಪ್ರತಿ ಸಂಗ್ರಹಣೆಯ ಅಗತ್ಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ವಿದ್ಯುತ್ತಿಲ್ಲದೆ ದೀರ್ಘಕಾಲ ಕಪಾಟಿನಲ್ಲಿಟ್ಟ ಫ್ಲ್ಯಾಶ್‌ನಿಂದ ಆವೇಶ ಸೋರಿಹೋಗುವ ಸಾಧ್ಯತೆಯಿರುವುದರಿಂದ ವರ್ಷಗಟ್ಟಲೆ ಕಾಪಿಡುವ ಪ್ರತಿಗೆ ಅದೊಂದನ್ನೇ ನಂಬುವಂತಿಲ್ಲ.

ಮಿತಿಗಳು

ಎಸ್‌ಎಸ್‌ಡಿಯು ಕಾಯುವಿಕೆಯನ್ನು ತಗ್ಗಿಸುತ್ತದೆಯೇ ಹೊರತು ಪ್ರೊಸೆಸರ್‌ನ ಶಕ್ತಿಯನ್ನಾಗಲಿ ರ್‍ಯಾಮ್‌ನ ಪ್ರಮಾಣವನ್ನಾಗಲಿ ಹೆಚ್ಚಿಸುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ನಿರ್ದಿಷ್ಟ ಪ್ರೊಸೆಸರ್‌ಗಳನ್ನೂ ಟಿಪಿಎಂ 2.0 ಭದ್ರತಾ ಘಟಕವನ್ನೂ ಅಪೇಕ್ಷಿಸುವುದರಿಂದ, ಡ್ರೈವ್ ಬದಲಿಸಿದ ಮಾತ್ರಕ್ಕೆ ಹಳೆಯ ಗಣಕವು ಅದಕ್ಕೆ ಅರ್ಹವಾಗದು. ಅಂತಹ ಗಣಕಗಳಲ್ಲಿ ಲಿನಕ್ಸ್ ವಿತರಣೆಯೊಂದನ್ನು ಸ್ಥಾಪಿಸಿ ಬಳಕೆಯನ್ನು ಮುಂದುವರಿಸಬಹುದು.

ಹಳೆಯ ಡಿಸ್ಕ್‌ನ ವಿಲೇವಾರಿ

ಹೊಸ ಡ್ರೈವ್ ಕೆಲವು ವಾರ ಸರಿಯಾಗಿ ನಡೆದುದು ಖಚಿತವಾಗುವವರೆಗೆ ಹಳೆಯ ಡಿಸ್ಕನ್ನು ಅಳಿಸದೆ ಇಟ್ಟುಕೊಳ್ಳುವುದು ವಿವೇಕ. ಆಮೇಲೆ ಅದನ್ನು ಯುಎಸ್‌ಬಿ ಕವಚದಲ್ಲಿ ಹಾಕಿ ಪ್ರತಿಗಳನ್ನಿಡಲು ಬಳಸಬಹುದು. ಮಾರುವುದಾದರೆ ಅಥವಾ ತ್ಯಜಿಸುವುದಾದರೆ ಕಡತಗಳನ್ನು ಅಳಿಸಿದರಷ್ಟೇ ಸಾಲದು. ಡಿಸ್ಕ್‌ನ ಇಡೀ ಮೇಲ್ಮೈ ಮೇಲೆ ಹೊಸದಾಗಿ ಬರೆಯಿಸಬೇಕು. ಭಾರತದಲ್ಲಿ ಇಂತಹ ಸಾಧನಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಮನೆಯ ಕಸದೊಂದಿಗೆ ಸೇರಿಸದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕಾಗುತ್ತದೆ.