ಎಚ್‌ಪಿ ಒಂದೇ ಸಾಲದು, ಬ್ರೇಕೂ ಬೇಕು

ಕಬ್ಬಿನ ಕಟಾವು ಶುರುವಾಯಿತೆಂದರೆ ಮಂಡ್ಯ ಸುತ್ತಮುತ್ತಲ ರಸ್ತೆಗಳಲ್ಲಿ ಟ್ರ್ಯಾಕ್ಟರಿನದೇ ದರ್ಬಾರು. ಮುಂದೊಂದು ಇಂಜಿನ್, ಹಿಂದೆ ಒಂದೋ ಎರಡೋ ಟ್ರೇಲರು, ಅದರ ಮೇಲೆ ಆಳೆತ್ತರ ಕಬ್ಬು. ಹಿಂದೆ ಸಿಕ್ಕಿಕೊಂಡ ಬಸ್ಸಿನವರು ಹಾರನ್ ಹೊಡೆದು ಹೊಡೆದು ಸುಸ್ತು. ‘ಇದೇನ್ರೀ ಆಮೆ ನಡಿಗೆ’ ಎಂದು ಗೊಣಗದ ಪ್ರಯಾಣಿಕರಿಲ್ಲ.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಕಾಲಕ್ಕೆ ಕಬ್ಬು ಹೊತ್ತದ್ದು ಎತ್ತಿನ ಗಾಡಿ. ಈಗ ಆ ಭಾರ ಟ್ರ್ಯಾಕ್ಟರಿನದು. ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟೂ ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಹಾಗಾಗಿ ರೈತನಿಗೆ ಅವಸರ. ಸಾಲ ಮಾಡಿ ಕೊಳ್ಳಲು ಹೋದವನು ಮೊದಲು ಕೇಳುವುದೇ ‘ಎಷ್ಟು ಎಚ್‌ಪಿ?’ ಎಂದು. ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಮಾತ್ರ.

ಗಾಡಿ, ಟ್ರೇಲರು, ಕಬ್ಬು ಎಲ್ಲ ಸೇರಿ 12 ಟನ್ ಎಂದಿಟ್ಟುಕೊಳ್ಳಿ. ಸಮನಾದ ಡಾಂಬರು ರಸ್ತೆಯಲ್ಲಿ ಅದನ್ನು ಉರುಳಿಸಲು ಸುಮಾರು 240 ಕಿಲೋ ಎಳೆತ ಸಾಕು. 20 ಅಡಿಗೆ ಒಂದಡಿ ಏರುವ ದಿಬ್ಬ ಬಂತೋ, ಮತ್ತೆ 600 ಕಿಲೋ ಸೇರಿತು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದ ಬಳಿ 31 ಎಚ್‌ಪಿ ಬೇಕು. 20ರಲ್ಲಿ ಹತ್ತಬೇಕೆಂದರೆ 62! 45 ಎಚ್‌ಪಿ ಗಾಡಿ ಆಮೆಯಾಗದೆ ಇನ್ನೇನು ಆದೀತು?

ಎಚ್‌ಪಿ ಹೇಳುವುದು ಕೆಲಸ ಎಷ್ಟು ಬೇಗ ಆಗುತ್ತದೆಂದು. ಎಳೆಯುವ ತಾಕತ್ತು ಟಾರ್ಕಿನದು. ಭಾರಕ್ಕೆ ಇಂಜಿನ್ ಕುಗ್ಗಿದಾಗ ಟಾರ್ಕ್ ಏರಿದರೆ ಗಾಡಿ ದಿಬ್ಬ ದಾಟುತ್ತದೆ. ಇದನ್ನೇ ಬ್ಯಾಕಪ್ ಟಾರ್ಕ್ ಅನ್ನುವುದು. ಅಂಗಡಿಯಲ್ಲಿ ಇದನ್ನೂ ಕೇಳಿ ತಿಳಿಯಬೇಕು. ಗೇರುಗಳ ಅಂತರವನ್ನೂ ನೋಡಬೇಕು.

ಇಂಜಿನ್ ಎಷ್ಟು ಗಟ್ಟಿಯಾದರೇನು, ಹಿಂಚಕ್ರ ನೆಲ ಹಿಡಿಯದಿದ್ದರೆ? ಗದ್ದೆ ಬದುವಿನ ಕೆಸರಲ್ಲಿ ಹಗುರ ಗಾಡಿ ಸುಮ್ಮನೆ ಚಕ್ರ ತಿರುಗಿಸುತ್ತದೆ, ಅಷ್ಟೆ. ಅದಕ್ಕೇ ಟೈರಿಗೆ ನೀರು ತುಂಬುವುದು, ಚಕ್ರಕ್ಕೆ ಕಬ್ಬಿಣದ ತೂಕ ಕಟ್ಟುವುದು. ಕೊಂಡಿ ಮಾತ್ರ ತಗ್ಗಿನಲ್ಲೇ ಇರಬೇಕು. ಎತ್ತರದಲ್ಲಿ ಕಟ್ಟಿ ಎಳೆದರೆ ಮುಂಚಕ್ರ ಮೇಲೇಳುತ್ತದೆ.

ಬೆಲೆಯ ಲೆಕ್ಕವೂ ಉಂಟು. 50 ಎಚ್‌ಪಿ ದಾಟಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂತು. ಇಂಜಿನ್ ಬದಲಾಯಿತು, ಬೆಲೆಯೂ ಏರಿತು. ಒಂದೇ ಟ್ರೇಲರು ಎಳೆಯುವವನು 50ರ ಒಳಗೇ ನೋಡಿದರೆ ಜಾಣತನ.

ಆದರೆ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಎರಡು ಟನ್ನಿನ ಟ್ರ್ಯಾಕ್ಟರನ್ನು ಹತ್ತು ಟನ್ನಿನ ಟ್ರೇಲರು ಹಿಂದಿನಿಂದ ದಬ್ಬುತ್ತದೆ. ಟ್ರೇಲರಿಗೆ ಬ್ರೇಕಿಲ್ಲದಿದ್ದರೆ ಗಾಡಿ ಮಡಚಿಕೊಂಡು ಅಡ್ಡ ಬೀಳುವುದು ಕ್ಷಣದ ಮಾತು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಏನನ್ನೋಣ! ಏರಿದ ಗೇರಿನಲ್ಲೇ ಇಳಿಯಬೇಕು. ಎಡ, ಬಲ ಬ್ರೇಕ್ ಪೆಡಲುಗಳನ್ನು ರಸ್ತೆಯಲ್ಲಿ ಜೋಡಿಸಿರಬೇಕು. ಟ್ರೇಲರಿನ ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲೇಬೇಕು. ನೋಂದಣಿ ಪತ್ರದಲ್ಲಿ ಬರೆದಷ್ಟೇ ಭಾರ ಹೇರಬೇಕು.

ಒಂದು ಟ್ರಿಪ್ಪು ಕಮ್ಮಿಯಾದರೆ ನಾಳೆ ಹೊಡೆಯಬಹುದು. ಕತ್ತಲಲ್ಲಿ ಕಬ್ಬಿನ ಗಾಡಿಗೆ ಹಿಂದಿನಿಂದ ಗುದ್ದಿದ ಬೈಕಿನವನಿಗೆ ನಾಳೆ ಎಲ್ಲಿದೆ?