ಗೃಹವಾಹನಕ್ಕೆ ಬಾಯ್ಲರು ಬಂದ ಬಗೆ

ಒಲೆ, ಮಂಚ, ಬಚ್ಚಲುಗಳನ್ನು ಒಡಲಲ್ಲಿಟ್ಟುಕೊಂಡು ಯುರೋಪಿನ ಹಾದಿಗಳಲ್ಲಿ ಸಂಚರಿಸುವ ಮೋಟರ್‌ಹೋಮುಗಳ ಪೈಕಿ ಬಹುಕಾಲ ಸವೆದ ಒಂದನ್ನು ಅಗ್ಗಕ್ಕೆ ಕೊಂಡು, ಹುಟ್ಟಿನಲ್ಲಿ ಅದಕ್ಕಿಲ್ಲದಿದ್ದ ಬಾಯ್ಲರನ್ನು ಅಳವಡಿಸಲು ಹೊರಡುವವರು ಅಲ್ಲಿ ವಿರಳರಲ್ಲ. ಮೇಲ್ನೋಟಕ್ಕೆ ಯಂತ್ರವೊಂದನ್ನು ಕೂರಿಸುವ ಕೆಲಸದಂತೆ ಕಂಡರೂ, ಬೇಸಗೆಗೆಂದು ಕಲ್ಪಿತವಾದ ವಸ್ತುವನ್ನು ಶಿಶಿರಕ್ಕೆ ಒಗ್ಗಿಸುವ ಈ ಸಾಹಸದ ತೊಡಕುಗಳ ಬೇರು ಆ ವಾಹನದ ಪೂರ್ವೇತಿಹಾಸದಲ್ಲಿಯೇ ಇದೆ.

ಜರ್ಮನಿಯ ಈಸ್ನಿ ಪಟ್ಟಣದಲ್ಲಿ ಚಾವಟಿ, ಸ್ಕೀ ಕೋಲುಗಳನ್ನು ತಯಾರಿಸುತ್ತಿದ್ದ ಮನೆತನದ ಆರಿಸ್ಟ್ ಡೆಟ್ಲೆಫ್ಸ್, ವ್ಯಾಪಾರಕ್ಕಾಗಿ ಊರೂರು ಅಲೆಯುವಾಗಲೂ ಚಿತ್ರಕಲಾವಿದೆಯಾದ ತನ್ನ ವಧುವನ್ನು ಅಗಲಿರಲಾರದೆ, ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಯಾದ ಕ್ಯಾರವಾನೊಂದನ್ನು 1931ರಲ್ಲಿ ಕಟ್ಟಿದನು. ಪ್ರಣಯದಿಂದ ಜನಿಸಿದ ಈ ಉದ್ಯಮವು ಯುದ್ಧಾನಂತರ ಜನಸಾಮಾನ್ಯರ ರಜಾವಿನೋದವಾಗಿ ಬೆಳೆದಾಗ, ಯಾತ್ರೆಯೆಂಬುದು ಬಹುಮಟ್ಟಿಗೆ ಬೇಸಗೆಯ ಯಾತ್ರೆಯೇ ಆಗಿದ್ದುದರಿಂದ, ಶಾಖದ ಚಿಂತೆ ಹಿಂದೆಯೇ ಉಳಿಯಿತು. ಅಧಿಕೃತ ಮನ್ನಣೆ ಪಡೆದ ಕ್ಯಾರವಾನ್ ಹೀಟರನ್ನು ಜರ್ಮನಿಯ ಟ್ರೂಮಾ ಸಂಸ್ಥೆ ಹೊರತಂದುದು 1961ರಲ್ಲಿ. ಇಂತಹ ಹೀಟರುಗಳಲ್ಲಿ ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ಸೆಳೆದು, ಹೊಗೆಯನ್ನೂ ಹೊರಕ್ಕೇ ಬಿಡುವ ಏರ್ಪಾಡು ಕ್ರಮೇಣ ರೂಢಿಯಾಯಿತು. ನಿದ್ರಿಸುವವನ ಉಸಿರಿಗೆ ಕಾರ್ಬನ್ ಮಾನಾಕ್ಸೈಡ್ ಸೇರದಂತೆ ಕಾಯುವುದು ಇದೇ.

ಗಾಳಿಯನ್ನು ನೇರವಾಗಿ ಬಿಸಿಮಾಡುವ ಈ ಹೀಟರುಗಳ ಮಾರ್ಗಕ್ಕೆ ಪ್ರತಿಯಾಗಿ ಸ್ವೀಡನ್ನಿನವರು ನೀರನ್ನು ನೆಚ್ಚಿದರು. ಆ ದೇಶದವನೇ ಆದ ಮೋರ್ಟನ್ ಟ್ರೀವಾಲ್ಡ್ 1716ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿ ಬಿಸಿನೀರಿನಿಂದ ಸಸ್ಯಗೃಹವೊಂದನ್ನು ಬೆಚ್ಚಗಿರಿಸಿದ್ದನೆಂಬುದನ್ನು ನೆನೆದರೆ ಇದು ಕುಲವಿದ್ಯೆಯೋ ಎನಿಸುತ್ತದೆ. ಸಮಾನ ಗಾತ್ರದಲ್ಲಿ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಶಾಖವನ್ನು ಹೊರಬಲ್ಲುದಾದ್ದರಿಂದ, ಬೆರಳು ಗಾತ್ರದ ಕೊಳವೆಯೇ ಇಡೀ ವಾಹನಕ್ಕೆ ಸಾಲುತ್ತದೆ. ಸ್ವೀಡನ್ನಿನ ಫಾರ್ಲೋವಿನ ಆಲ್ಡೆ ಸಂಸ್ಥೆಯ ಬಾಯ್ಲರು ಈ ಪರಂಪರೆಯದು: ನಮ್ಮ ಬಚ್ಚಲಿನ ಹಂಡೆಗೆ ಬೆಂಕಿ ಅಡಿಯಲ್ಲಿದ್ದರೆ, ಇಲ್ಲಿ ಬೆಂಕಿಯೇ ನಡುವೆ, ಅದರ ಸುತ್ತ ಹೆಪ್ಪುಗಟ್ಟದಂತೆ ಗ್ಲೈಕಾಲ್ ಬೆರೆಸಿದ ನೀರು, ಹೊರ ಆವರಣದಲ್ಲಿ ಸ್ನಾನಕ್ಕೆ ಎಂಟು ಲೀಟರಿಗೆ ತುಸು ಮಿಕ್ಕ ನೀರು.

ಹಳೆಯ ವಾಹನಕ್ಕೆ ಇದನ್ನು ತಂದವನಿಗೆ ನಿಜವಾದ ಕಷ್ಟವು ಬಾಯ್ಲರಿನದಲ್ಲ, ಪೀಠೋಪಕರಣಗಳದು. ಗೋಡೆಯ ಬುಡದಲ್ಲಿ ಸಾಗುವ ರೇಡಿಯೇಟರು ತಣ್ಣನೆಯ ಗಾಳಿಯನ್ನು ಕೆಳಗಿನಿಂದ ಹೀರಿ ಬಿಸಿಯನ್ನು ಕಿಟಕಿಯವರೆಗೆ ಏರಿಸಬೇಕಾದರೆ, ಆಸನಗಳ ಬೆನ್ನಿಗೂ ಗೋಡೆಗೂ ನಡುವೆ ಸಂದಿಯಿರಬೇಕು, ಪೆಟ್ಟಿಗೆಗಳ ಬುಡದಲ್ಲಿ ರಂಧ್ರಗಳಿರಬೇಕು; ಅಂಗುಲವನ್ನೂ ಪೋಲು ಮಾಡದೆ ಎಲ್ಲವನ್ನೂ ಗೋಡೆಗೆ ಒತ್ತಿ ಕೂರಿಸಿದ ಅಂದಿನ ಬಡಗಿಯ ಜಾಣ್ಮೆಯೇ ಇಲ್ಲಿ ವೈರಿಯಾಗಿ, ಕಪಾಟುಗಳನ್ನು ಕಳಚಿ, ಕೊಯ್ದು, ಮರಳಿ ಜೋಡಿಸದೆ ಗತ್ಯಂತರವಿಲ್ಲ. ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರದೂಡಲು ವಾಹನದ ಮೂತಿಯನ್ನೇ ಎತ್ತಿ ನಿಲ್ಲಿಸುವುದೂ ಉಂಟು.

ಇನ್ನು ಅನಿಲದ ವಿಷಯ. ಬ್ಯೂಟೇನ್ ಸೊನ್ನೆಯ ಆಸುಪಾಸಿನಲ್ಲಿಯೇ ಆವಿಯಾಗಲೊಲ್ಲದೆ ನಿಲ್ಲುವುದರಿಂದ, −42 ಡಿಗ್ರಿಯವರೆಗೂ ತಾಳುವ ಪ್ರೊಪೇನೇ ಚಳಿಗಾಲದ ಇಂಧನ. ಜರ್ಮನಿಯ ಹಳೆಯ ವಾಹನಗಳಲ್ಲಿ ಅನಿಲದ ಒತ್ತಡ 50 ಮಿಲಿಬಾರ್, ಇಂದಿನದು 30. ಹೊಸ ಬಾಯ್ಲರನ್ನು ಹಳೆಯ ಒತ್ತಡಕ್ಕೆ ಜೋಡಿಸುವುದು ಅಪಾಯಕರ; ಆದರೆ ರೆಗ್ಯುಲೇಟರನ್ನು ಬದಲಿಸಿದರೆ ಒಲೆ, ಫ್ರಿಜ್ಜುಗಳೂ ಬದಲಾಗಬೇಕಾಗುತ್ತದೆ. ಹೀಗೆ ಒಂದು ಯಂತ್ರದ ಪ್ರವೇಶವು ಉಳಿದ ಎಲ್ಲಕ್ಕೂ ಬೀಳ್ಕೊಡುಗೆಯಾಗುವುದುಂಟು. ಪ್ರಾಜ್ಞನು ಈ ಲೆಕ್ಕವನ್ನು ಮೊದಲೇ ಮಾಡುತ್ತಾನೆ.

ಕೊನೆಯ ಲೆಕ್ಕ ತೂಕದ್ದು. ಬರಿದಾದ ಬಾಯ್ಲರು ಹದಿನಾಲ್ಕು ಕಿಲೋ; ನೀರು, ದ್ರವ, ಕೊಳವೆ, ರೇಡಿಯೇಟರುಗಳು ಬೇರೆ. ಯುರೋಪಿನಲ್ಲಿ ಸಾಮಾನ್ಯ ಕಾರಿನ ಪರವಾನಗಿಗೆ 3,500 ಕಿಲೋ ಮಿತಿಯಾಗಿರುವುದರಿಂದ, ಆ ಅಂಚಿನಲ್ಲಿಯೇ ತೂಗುವ ವಾಹನದ ಯಜಮಾನನು ಸೈಕಲ್ಲನ್ನೋ ಹೆಚ್ಚಿನ ಕುರ್ಚಿಗಳನ್ನೋ ಮನೆಯಲ್ಲಿ ಬಿಟ್ಟು ಹೊರಡುತ್ತಾನೆ; ಹಿಮಗಾಲದಲ್ಲಿ ಅವು ಹೇಗೂ ಬೇಕಾಗುವುದಿಲ್ಲ.